ಫೋನು ಬೇರೆ, ರೇಟು ಬೇರೆ

ಕೇಳುಗರಿಗೆ ನಮಸ್ಕಾರ.

ಒಂದೇ ಆ್ಯಪ್, ಒಂದೇ ಸೇವೆ. ಆದರೆ ಐಫೋನ್ ಇದ್ದವರಿಗೆ ಒಂದು ರೇಟು, ಆಂಡ್ರಾಯ್ಡ್ ಇದ್ದವರಿಗೆ ಇನ್ನೊಂದು. ಇದು ಸರಿಯಾ? ಕೋಲಾರದವರು ಈ ಪ್ರಶ್ನೆ ಕೇಳೋದರಲ್ಲಿ ಒಂದು ತಮಾಷೆಯೂ ಇದೆ. ನಮ್ಮ ನರಸಾಪುರದ ಕಾರ್ಖಾನೆಯಲ್ಲೇ ಐಫೋನ್ ಜೋಡಣೆ ಆಗುತ್ತದೆ. ಮೊದಲು ವಿಸ್ಟ್ರಾನ್ ನಡೆಸುತ್ತಿತ್ತು, 2023ರಲ್ಲಿ ಟಾಟಾದವರು ಕೊಂಡರು. ಶಿಫ್ಟ್ ಮುಗಿಸಿ ಬಸ್ಸು ಹತ್ತುವ ಹುಡುಗಿಯರ ಕೈಯಲ್ಲಿ ನನಗೆ ಕಾಣೋದು ಮಾತ್ರ ಹೆಚ್ಚಾಗಿ ಆಂಡ್ರಾಯ್ಡ್ ಫೋನೇ. ಅಷ್ಟು ದುಡ್ಡು ಸುರಿದು ಫೋನ್ ಕೊಂಡವರಿಗೆ ಇನ್ನೊಂದಿಷ್ಟು ಬಿದ್ದರೆ ಏನಂತೆ ಅಂತ ಅವರು ಕೇಳಬಹುದು. ಕೇಳಲಿ. ನಾವು ಮೊದಲು ಲೆಕ್ಕ ನೋಡೋಣ.

ಟ್ವಿಟರ್, ಅಂದರೆ ಈಗಿನ ಎಕ್ಸ್, 2023ರ ಫೆಬ್ರವರಿಯಲ್ಲಿ ಭಾರತದಲ್ಲೂ ಖಾತೆಯ ಹೆಸರಿನ ಪಕ್ಕದ ನೀಲಿ ಟಿಕ್ಕಿಗೆ ದುಡ್ಡು ತಗೊಳ್ಳಲು ಶುರು ಮಾಡಿತು. ವೆಬ್‌ಸೈಟಿಗೆ ಹೋಗಿ ಕಟ್ಟಿದರೆ ಆಗ ತಿಂಗಳಿಗೆ 650 ರೂಪಾಯಿ ಇತ್ತು. ಮೊಬೈಲ್ ಆ್ಯಪ್ ಒಳಗೆ ಕಟ್ಟಿದರೆ 900. ಅದೇ ಟಿಕ್ಕು, ಅದೇ ಬಣ್ಣ. ಮೇಲಿನ 250 ರೂಪಾಯಿ ಯಾರ ಜೇಬಿಗೆ ಹೋಯಿತು?

ನಮ್ಮ ಎಪಿಎಂಸಿಗೆ ಟೊಮೆಟೊ ಹಾಕಿದವರಿಗೆ ಕಮಿಷನ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ್ಯಪ್ ಸ್ಟೋರ್ ಕೂಡ ಒಂದು ಮಂಡಿಯೇ. 2008ರಲ್ಲಿ ಆಪಲ್ ಈ ಅಂಗಡಿ ತೆರೆದಾಗಲೇ ನೂರಕ್ಕೆ 30 ಅಂತ ಕಮಿಷನ್ ಗೊತ್ತುಮಾಡಿತು. ಗೂಗಲ್ ಕೂಡ ತನ್ನ ಅಂಗಡಿ ಪ್ಲೇ ಸ್ಟೋರ್‌ನಲ್ಲಿ ಅದೇ ದಾರಿ ಹಿಡಿಯಿತು. ಈಗ ತೆರಿಗೆ ಬದಿಗಿಟ್ಟು 900ರಲ್ಲಿ ನೂರಕ್ಕೆ 30 ಕಳೆಯಿರಿ. ಆಪಲ್‌ಗೆ 270 ಹೋಯಿತು, ಕಂಪನಿಗೆ 630 ಉಳಿಯಿತು. ವೆಬ್‌ಸೈಟಿನ 650ಕ್ಕೆ ಹತ್ತಿರ ಹತ್ತಿರವೇ. ಅಂದರೆ ಐಫೋನಿನವರ ಹತ್ತಿರ ಕಂಪನಿ ಲಾಭ ಹೊಡೆಯಲಿಲ್ಲ, ಕಮಿಷನ್ನನ್ನು ಗಿರಾಕಿ ತಲೆಗೆ ಕಟ್ಟಿತು, ಅಷ್ಟೇ.

ಆದರೆ ಆಂಡ್ರಾಯ್ಡ್‌ನಲ್ಲೂ ಅದೇ 900 ಇತ್ತು. ಅಲ್ಲೇ ಇರೋದು ವಿಷಯ. ತಿಂಗಳ ಚಂದಾ ಪಡೆಯುವ ಆ್ಯಪ್‌ಗಳಿಗೆ ಗೂಗಲ್ 2022ರ ಜನವರಿಯಿಂದಲೇ ಕಮಿಷನ್ನನ್ನು ನೂರಕ್ಕೆ 15ಕ್ಕೆ ಇಳಿಸಿತ್ತು. ಆ ಲೆಕ್ಕದಲ್ಲಿ ಗೂಗಲ್‌ಗೆ 135, ಕಂಪನಿಗೆ 765. ಹಾಗಾಗಿ ಎರಡೂ ಫೋನಿಗೆ ಒಂದೇ ರೇಟು ಇಟ್ಟರೆ ನ್ಯಾಯ ಆಯ್ತು ಅಂತ ಹೇಳೋಕಾಗಲ್ಲ. ಇಲ್ಲಿ ರೇಟು ಒಂದೇ ಇದ್ದದ್ದರಿಂದಲೇ ಆಂಡ್ರಾಯ್ಡ್‌ನವರಿಗೆ ಬೀಳಬೇಕಾದ್ದಕ್ಕಿಂತ ಜಾಸ್ತಿ ಬಿತ್ತು.

ನನ್ನ ತಕರಾರು ರೇಟು ಬೇರೆ ಇರೋದರ ಬಗ್ಗೆ ಅಲ್ಲ, ಅದನ್ನು ಮುಚ್ಚಿಡೋದರ ಬಗ್ಗೆ. ಮಂಡಿಯಲ್ಲಿ ಎಷ್ಟೇ ಜಗಳ ಇದ್ದರೂ ಬಾಕ್ಸ್ ಎಷ್ಟು, ರೇಟು ಎಷ್ಟು, ಹಿಡಿದುಕೊಂಡದ್ದು ಎಷ್ಟು ಅಂತ ಚೀಟಿ ನೋಡಿ ಕೇಳಬಹುದು. ಆಪಲ್‌ನ ನಿಯಮದಲ್ಲಿ ಬಹಳ ವರ್ಷ ಅದಕ್ಕೂ ದಾರಿ ಇರಲಿಲ್ಲ. 'ನಮ್ಮ ವೆಬ್‌ಸೈಟಿನಲ್ಲಿ ಕಡಿಮೆಗೆ ಸಿಗುತ್ತೆ' ಅಂತ ಆ್ಯಪ್ ಒಳಗೆ ಒಂದು ಸಾಲು ಹಾಕುವ ಹಾಗೂ ಇರಲಿಲ್ಲ! ಎಪಿಕ್ ಗೇಮ್ಸ್ ಅನ್ನೋ ಕಂಪನಿ 2020ರಲ್ಲಿ ಆಪಲ್ ಮೇಲೆ ಕೋರ್ಟಿಗೆ ಹೋಯಿತು. ಅಮೆರಿಕದ ಮಟ್ಟಿಗೆ ಈ ಬಾಯಿಕಟ್ಟು ಚೆನ್ನಾಗಿ ಸಡಿಲವಾದದ್ದು 2025ರ ಏಪ್ರಿಲ್‌ನ ಆದೇಶದಿಂದ. ನಮ್ಮಲ್ಲಿ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಪ್ಲೇ ಸ್ಟೋರ್ ಬಿಲ್ಲಿಂಗ್, ಅಂದರೆ ಆ್ಯಪ್‌ಗಳು ಗೂಗಲ್ ಮೂಲಕವೇ ದುಡ್ಡು ತಗೋಬೇಕು ಅನ್ನೋ ವಿಚಾರಕ್ಕೆ ಗೂಗಲ್ ಮೇಲೆ 936 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ಸುಮಾರು 216 ಕೋಟಿಗೆ ಇಳಿಯಿತು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಕೂಡಿ ಕಳೆಯೋಕಾದರೂ ಬರುತ್ತದೆ. ಕ್ಯಾಬ್, ಆಟೋ ಆ್ಯಪ್‌ಗಳಲ್ಲಿ ಅದೂ ಇಲ್ಲ. ಆಟೋ ಬಾಡಿಗೆಯಲ್ಲಿ ಆಪಲ್‌ಗೂ ಗೂಗಲ್‌ಗೂ ಈ ಸ್ಟೋರ್ ಕಮಿಷನ್ ಹೋಗೋದಿಲ್ಲ. ಆದರೂ ಫೋನ್ ನೋಡಿ ಬಾಡಿಗೆ ಹೇಳುತ್ತಾರೆ ಅನ್ನೋ ದೂರು ಜೋರಾಯಿತು. 2025ರ ಜನವರಿಯಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್ ಎರಡಕ್ಕೂ ನೋಟಿಸ್ ಕೊಟ್ಟಿತು. ಅದನ್ನು ತಿಳಿಸಿದವರು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರು, ನಮ್ಮ ಧಾರವಾಡದ ಪ್ರಲ್ಹಾದ ಜೋಶಿ. ಫೋನ್ ನೋಡಿ ರೇಟು ಹಾಕೋದಿಲ್ಲ ಅಂತ ಎರಡೂ ಕಂಪನಿಗಳು ಹೇಳಿದವು.

ನಾನೂ ನನ್ನ ಅಕ್ಕನ ಮಗಳೂ ಒಮ್ಮೆ ಕೋಲಾರದ ಬಸ್ಸಿನಿಂದ ಕೆ.ಆರ್. ಪುರದಲ್ಲಿ ಇಳಿದೆವು. ಆಟೋ ಬೇಕಿತ್ತು. ಅವಳದು ಐಫೋನ್, ನನ್ನದು ಸ್ಕ್ರೀನ್ ಸೀಳಿದ ಹಳೇ ಆಂಡ್ರಾಯ್ಡ್. ಒಂದೇ ಆ್ಯಪ್, ಒಂದೇ ವಿಳಾಸ. ಅವಳಿಗೆ 212, ನನಗೆ 186. "ನೋಡಿ ಮಾವ, ಫೋನ್ ನೋಡಿ ಸುಲಿಗೆ ಮಾಡ್ತಾರೆ" ಅಂದಳು. ನಾನು ಒಪ್ಪಲಿಲ್ಲ. ಅವಳು ದಿನಾ ಆಟೋ ಹತ್ತುವವಳು, ನಾನು ಅಪರೂಪದ ಗಿರಾಕಿ. ನನ್ನನ್ನು ಎಳೆದುಕೊಳ್ಳಲು ರಿಯಾಯಿತಿ ಕೊಟ್ಟಿರಬಹುದು. ಲೊಕೇಶನ್ ಹತ್ತು ಮಾರು ಆಚೀಚೆ ತೋರಿಸಿರಬಹುದು. ಫೋನೇ ಕಾರಣ ಅಂತಲೂ ಇರಬಹುದು. ಸ್ಕ್ರೀನ್ ಮೇಲೆ ಅಂಕಿ ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ನನ್ನ ಫೋನಿನಲ್ಲೇ ಬುಕ್ ಮಾಡಿ ಹೋದೆವು ಅನ್ನಿ.

ಬಿಸ್ಕೆಟ್ ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಕಾರಲ್ಲಿ ಬಂದವರಿಗೂ ಸೈಕಲ್ಲಲ್ಲಿ ಬಂದವರಿಗೂ ಅದನ್ನು ಮೀರಿ ಒಂದು ರೂಪಾಯಿ ಕೇಳೋ ಹಾಗಿಲ್ಲ. ಆಟೋ ಬಾಡಿಗೆಗೆ ಅಂಥ ಅಚ್ಚು ಹಾಕೋದು ಕಷ್ಟ, ಮಳೆ ಬಂದರೆ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಒಪ್ಪೋಣ. ಆದರೆ ಮೂಲ ಬಾಡಿಗೆ ಇಷ್ಟು, ಬೇಡಿಕೆಗೆ ಇಷ್ಟು, ನಿಮಗೆ ರಿಯಾಯಿತಿ ಇಷ್ಟು ಅಂತ ಮೂರು ಸಾಲು ತೋರಿಸೋಕೆ ಏನು ಕಷ್ಟ? ಮಳೆ ಬಿದ್ದ ಕ್ಷಣವೇ ರೇಟು ಏರಿಸೋ ಜಾಣ ಆ್ಯಪ್‌ಗೆ ಇದು ಬರಲ್ವಾ?

ಅಲ್ಲಿಯವರೆಗೆ ಎರಡು ಕೆಲಸ ಮಾಡಬಹುದು. ಸಿನಿಮಾ, ಹಾಡು, ಪಾಠದ ಆ್ಯಪ್‌ಗಳಿಗೆ ಚಂದಾ ಕಟ್ಟುವ ಮುಂಚೆ ಬ್ರೌಸರ್ ತೆರೆದು ಆ ಕಂಪನಿಯ ವೆಬ್‌ಸೈಟಿನಲ್ಲೂ ರೇಟು ನೋಡಿ. ಬಾಡಿಗೆಯಲ್ಲಿ ಅನುಮಾನ ಬಂದರೆ ಎರಡೂ ಫೋನಿನಲ್ಲಿ ಒಂದೇ ಹೊತ್ತಿಗೆ ಸ್ಕ್ರೀನ್‌ಶಾಟ್ ತೆಗೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಸ್ಕ್ರೀನ್‌ಶಾಟಿನಲ್ಲಿ ಸಮಯ, ಹೊರಡುವ ಜಾಗ, ಇಳಿಯುವ ಜಾಗ ಮೂರೂ ಕಾಣುತ್ತಿರಲಿ.

ನಮಸ್ಕಾರ.