ಫಿಲುಮೆನಾ ಮೋಸಗಾತಿ ಅಲ್ಲ

ನಮಸ್ಕಾರ. ಇವತ್ತು ಬೇರೆ ಚಿತ್ರದ ಬಗ್ಗೆ ಮಾತಾಡಬೇಕಿತ್ತು. ಆದರೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಮ್ಯಾರೇಜ್ ಇಟಾಲಿಯನ್ ಸ್ಟೈಲ್ ನೋಡಿದೆ. ಸುಳ್ಳು ಹೇಳಿ ತಾಳಿ ಕಟ್ಟಿಸಿಕೊಂಡ ಮೋಸಗಾತಿಯ ಕಥೆ. ಇದರಲ್ಲಿ ಪ್ರೀತಿ ಎಲ್ಲಿದೆ?" ಎರಡು ದಿನದಿಂದ ಅದೇ ತಲೆ ಕೊರೀತಿದೆ. ಮೋಸ ಮಾಡಿದ್ದು ಯಾರು ಸ್ವಾಮಿ?

1964ರ ಚಿತ್ರ. ಇಟಲಿ, ಫ್ರಾನ್ಸ್ ಸೇರಿ ಮಾಡಿದ್ದು. ವಿಟ್ಟೋರಿಯೊ ಡಿ ಸಿಕಾ ನಿರ್ದೇಶನ. ಸೋಫಿಯಾ ಲೊರೆನ್, ಮಾರ್ಚೆಲ್ಲೊ ಮಾಸ್ಟ್ರೊಯಾನಿ ಜೋಡಿ. ಮೂಲ, ಎಡ್ವಾರ್ಡೊ ಡಿ ಫಿಲಿಪ್ಪೊ 1946ರಲ್ಲಿ ಬರೆದ ನಾಟಕ.

ಯುದ್ಧದ ಕಾಲದ ನೇಪಲ್ಸ್. ಊರ ಮೇಲೆ ಬಾಂಬು ಬೀಳ್ತಿದೆ. ವೇಶ್ಯಾಗೃಹದಲ್ಲಿ ಎಲ್ಲರೂ ಎದ್ದುಬಿದ್ದು ಓಡಿದ್ದಾರೆ. ಫಿಲುಮೆನಾ ಅನ್ನೋ ಹುಡುಗಿ, ಅಂದರೆ ನಮ್ಮ ಲೊರೆನ್, ಮಾತ್ರ ಬೀರುವಿನೊಳಗೆ ಮುದುಡಿಕೊಂಡಿದ್ದಾಳೆ. ಹೊರಗೆ ಹೋದರೆ ಜನ ತನ್ನನ್ನು ನೋಡ್ತಾರಲ್ಲ ಅನ್ನೋ ಭಯ. ಬಾಂಬಿಗಿಂತ ಜನರ ಕಣ್ಣಿಗೆ ಹೆದರಿದವಳು! ಡೊಮೆನಿಕೊ, ಅಂದರೆ ಮಾಸ್ಟ್ರೊಯಾನಿ, ಅವಳನ್ನು ಕಾಣೋದು ಅಲ್ಲೇ. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನ ಅಂಗಡಿ ನೋಡಿಕೊಂಡಳು, ಅರಳುಮರಳಾದ ಅವನ ತಾಯಿಯ ಸೇವೆ ಮಾಡಿದಳು. ಮಲಗಲು ಸಿಕ್ಕಿದ್ದು ಕೆಲಸದವರ ಕೋಣೆ. ಕೊನೆಗೆ ಅವನು ಹೊರಟಿದ್ದು ಬೇರೆ ಹುಡುಗಿಯನ್ನು ಮದುವೆಯಾಗಲು. ಆಗ ಇವಳು ಸಾಯುವ ನಾಟಕ ಆಡಿ, ಪಾದ್ರಿಯನ್ನು ಕರೆಸಿ ಮದುವೆ ಮಾಡಿಕೊಂಡಳು. ಮೋಸ ಯಾರದ್ದು? ಹೇಳಿ ನೋಡೋಣ.

"ಆದರೂ ಸುಳ್ಳು ಸುಳ್ಳೇ ಅಲ್ವಾ?" ಅಂತೀರಿ. ಅದನ್ನೇ ಚಿತ್ರದಲ್ಲಿ ವಕೀಲನೂ ಹೇಳ್ತಾನೆ, ಆ ಮದುವೆ ನಿಲ್ಲೋದಿಲ್ಲ. ಕಾನೂನು ಓದಿದವನಿಗೆ ಆ ಕೆಲಸದವರ ಕೋಣೆ ಎಲ್ಲಿ ಕಾಣಬೇಕು?

ಆ ಕಾನೂನೇನು ಸಾಮಾನ್ಯದ್ದಾ? ಇಟಲಿಗೆ ವಿಚ್ಛೇದನ ಬಂದಿದ್ದೇ 1970ರಲ್ಲಿ. ಲೊರೆನ್ ಅವರದ್ದೇ ನೋಡಿ. ಈ ಚಿತ್ರದ ನಿರ್ಮಾಪಕ ಕಾರ್ಲೊ ಪಾಂಟಿಗೆ ಮೊದಲೇ ಮದುವೆಯಾಗಿತ್ತು. 1957ರಲ್ಲಿ ಮೆಕ್ಸಿಕೊದಲ್ಲಿ ಲೊರೆನ್ ಜೊತೆ ಆದ ಮದುವೆಯನ್ನು ಇಟಲಿ ಒಪ್ಪಲಿಲ್ಲ. ಅದನ್ನು ರದ್ದು ಮಾಡಿಸಿ, ಫ್ರಾನ್ಸ್ ಪೌರತ್ವ ಪಡೆದು, 1966ರಲ್ಲಿ ಮತ್ತೆ ಮದುವೆಯಾದರು. ಫಿಲುಮೆನಾ ಆಗಿ ಲೊರೆನ್ ಕಣ್ಣಲ್ಲಿ ಇರುವ ಸಿಟ್ಟು ಬರೀ ನಟನೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನು ಮಕ್ಕಳು. ಫಿಲುಮೆನಾಗೆ ಮೂವರು ಗಂಡುಮಕ್ಕಳು, ಒಬ್ಬ ಡೊಮೆನಿಕೊಗೆ ಹುಟ್ಟಿದವನು. ಯಾವನು? ಅವಳು ಹೇಳಲ್ಲ. ಅವನು ಬೇಡಿದರೂ ಇಲ್ಲ, ಸಿಟ್ಟಾದರೂ ಇಲ್ಲ. ಹೇಳಿದರೆ ಉಳಿದಿಬ್ಬರು ಅನಾಥರಾಗ್ತಾರೆ. ಇವಳು ಮೋಸಗಾತಿಯಾ? ಆಸ್ತಿಗೆ ಆಸೆಪಟ್ಟಿದ್ದರೆ ಒಂದು ಹೆಸರು ಹೇಳಿ ಮುಗಿಸ್ತಿದ್ದಳಲ್ಲ!

 

ಬರೆದವರಿಗೆ ಒಂದೇ ಮಾತು. ಕೊನೆಯ ದೃಶ್ಯ ಇನ್ನೊಮ್ಮೆ ನೋಡಿ. ಮಕ್ಕಳು ಡೊಮೆನಿಕೊಗೆ ಅಪ್ಪ ಅಂತಾರೆ. ಫಿಲುಮೆನಾ ಅಳ್ತಾಳೆ. ಅಷ್ಟೂ ವರ್ಷ ಕಣ್ಣೀರು ನುಂಗಿಕೊಂಡೇ ಬಂದವಳು, ಈಗ ಅಳೋದು ಎಷ್ಟು ಚೆನ್ನ ಅಂತಾಳೆ. ಅದನ್ನು ನೋಡಿ, ಆಮೇಲೆ ಬಂದು ಬರೀರಿ.