ಕಣ್ಣಿಗೆ ಬಂದದ್ದು ತಲೆಗೂ ತಟ್ಟುತ್ತದಾ?

ಕೇಳುಗರಿಗೆ ನಮಸ್ಕಾರ. ನಮ್ಮ ವೈನಿ, ಅಂದರೆ ಅತ್ತಿಗೆ, ಹುಬ್ಬಳ್ಳಿಯವರು. ಎರಡು ವರ್ಷದ ಹಿಂದೆ ಅವರು ಚಹಾ ಸೋಸುವಾಗ ಕಪ್ ಬಿಟ್ಟು ಪಕ್ಕಕ್ಕೆ ಸುರಿಯೋಕೆ ಶುರು ಮಾಡಿದರು. ಒಂದು ಕಪ್ ಇಟ್ಟರೆ ಎರಡು ಕಾಣುತ್ತಿತ್ತಂತೆ. ಕಣ್ಣುಗುಡ್ಡೆ ಮುಂದೆ ಬಂದಿದ್ದವು, ರೆಪ್ಪೆ ಮೇಲಕ್ಕೆ ಸರಿದಿತ್ತು, ಹಾಗಾಗಿ ಸುಮ್ನೆ ನೋಡಿದರೂ ಗುರಾಯಿಸಿದ ಹಾಗೇ ಇರುತ್ತಿತ್ತು. ಓಣಿಯವರು 'ಯಾಕ್ರಿ ಅಕ್ಕಾರ, ಸಿಟ್ಟು ಬಂದೈತೇನು?' ಅಂತ ಕೇಳೋರು. ಒಬ್ಬರು ದೃಷ್ಟಿ ತೆಗೀರಿ ಅಂದರು. ನಾನು ಚಷ್ಮಾದ ನಂಬರ್ ಬದಲಾಗಿರಬೇಕು ಅಂದೆ. ನಂದೂ ಅಷ್ಟೇ ಬುದ್ಧಿ!

ಆಗಿದ್ದು ಥೈರಾಯ್ಡ್ ಕಣ್ಣಿನ ಕಾಯಿಲೆ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ಎಂಬ ವೈದ್ಯರು 1835ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದರು, ಅದಕ್ಕೇ ಹೆಚ್ಚಾಗಿ ಇದರ ಹಿಂದಿರುವ ಥೈರಾಯ್ಡ್ ಕಾಯಿಲೆಗೆ ಗ್ರೇವ್ಸ್ ಕಾಯಿಲೆ ಅನ್ನುವ ಹೆಸರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುತ್ತದೆ, ಕಣ್ಣಿನ ಹಿಂದಿನ ಸ್ನಾಯು, ಕೊಬ್ಬನ್ನೂ ಬಿಡುವುದಿಲ್ಲ. ಅವು ಊದಿಕೊಳ್ಳುತ್ತವೆ. ಸುತ್ತ ಎಲುಬಿನ ಗೂಡು, ಜಾಗ ಎಲ್ಲಿದೆ? ಕಣ್ಣು ಮುಂದಕ್ಕೆ ಬರುತ್ತದೆ.

ಆದರೆ ವೈನಿಗೆ ಮರೆವೂ ಜಾಸ್ತಿಯಾಗಿತ್ತು, ಮಾತುಮಾತಿಗೆ ಅಳು. ಮನೆಯಲ್ಲಿ 'ಕಣ್ಣಿಗೆ ಬಂದರೆ ತಲೆ ಯಾಕೆ ಕೆಡಬೇಕು?' ಅಂದರು. ಈ ಪ್ರಶ್ನೆಯನ್ನೇ ಸಂಶೋಧಕರೂ ಕೇಳಿದ್ದಾರೆ, ಸ್ವಲ್ಪ ಮರ್ಯಾದೆಯಿಂದ. ಇಂಥ ರೋಗಿಗಳನ್ನು ಎಂಆರ್‌ಐ ಯಂತ್ರದಲ್ಲಿ ಸುಮ್ಮನೆ ಮಲಗಿಸಿ, ಮಿದುಳಿನ ಯಾವ ಭಾಗ ಎಷ್ಟು ಚುರುಕಾಗಿದೆ ಅಂತ ರಕ್ತದ ಆಮ್ಲಜನಕದ ಏರಿಳಿತದಿಂದ ಅಳೆದರು. ತಲೆಯ ಹಿಂಭಾಗದಲ್ಲಿ ನೋಟವನ್ನು ನೋಡಿಕೊಳ್ಳುವ ಜಾಗದ ಕೆಲಸ ಆರೋಗ್ಯವಂತರಿಗಿಂತ ಬೇರೆ ಇತ್ತು. ಗಮನ, ಭಾವನೆಗೆ ಸಂಬಂಧಪಟ್ಟ ಕಡೆಯೂ ಕೆಲವು ಅಧ್ಯಯನಗಳಲ್ಲಿ ವ್ಯತ್ಯಾಸ ಕಂಡಿತು.

ಯಾಕಿರಬಹುದು? ಎರಡು ಕಣ್ಣು ಎರಡು ಚಿತ್ರ ಕಳಿಸುತ್ತವೆ, ಕೂಡಿಸಿ ಒಂದು ಮಾಡುವುದು ಮಿದುಳಿನ ಕೆಲಸ. ಚಿತ್ರಗಳು ಹೊಂದದಿದ್ದರೆ ಮಗುವಿನ ಮಿದುಳು ಒಂದನ್ನು ಕಡೆಗಣಿಸಿಬಿಡುತ್ತದೆ, ದೊಡ್ಡವರ ಮಿದುಳಿಗೆ ಅದು ಸುಲಭವಲ್ಲ, ದಿನವಿಡೀ ಗುದ್ದಾಡುತ್ತದೆ. ಇದರ ಮೇಲೆ ಥೈರಾಯ್ಡ್ ಹಾರ್ಮೋನಿನ ಏರುಪೇರು ತಾನೇ ಮಿದುಳನ್ನು ಕಾಡುತ್ತದೆ, ನಿದ್ದೆ ಇರುವುದಿಲ್ಲ, ಕನ್ನಡಿ ನೋಡಿದರೆ ಬೇಜಾರು. ಯಾವುದರಿಂದ ಯಾವುದು ಅಂತ ಬಿಡಿಸುವುದು ಕಷ್ಟ, ಅಲ್ವಾ? ಇಂಥ ಬಹಳಷ್ಟು ಅಧ್ಯಯನಗಳಲ್ಲಿ ಜನ ಕಡಿಮೆ, ಸ್ಕ್ಯಾನೂ ಒಂದೇ ಸಲ. ಹಾಗಾಗಿ 'ಮಿದುಳೇ ಹಾಳಾಯಿತು' ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಆದರೆ 'ನಾಟಕ ಮಾಡ್ತಾಳೆ' ಅಂದವರ ಮಾತನ್ನಂತೂ ನಾನು ಈಗ ಒಪ್ಪುವುದಿಲ್ಲ.

ಬೀಡಿ ಸಿಗರೇಟು ಸೇದುವವರಿಗೆ ಈ ಕಾಯಿಲೆ ಹೆಚ್ಚು ಕಾಡುತ್ತದೆ, ಔಷಧವೂ ಸರಿಯಾಗಿ ಹತ್ತುವುದಿಲ್ಲ. ಇನ್ನೊಂದು, ಊದಿದ ಸ್ನಾಯು ಕಣ್ಣಿನ ನರವನ್ನು ಒತ್ತಿದರೆ ಬಣ್ಣ ಮಾಸುತ್ತದೆ, ಅದರಲ್ಲೂ ಕೆಂಪು. ಒಂದೊಂದೇ ಕಣ್ಣು ಮುಚ್ಚಿ ಬ್ಯಾಡಗಿ ಮೆಣಸಿನಕಾಯಿ ನೋಡಿ. ಒಂದು ಕಣ್ಣಿಗೆ ಕಡುಗೆಂಪು, ಇನ್ನೊಂದಕ್ಕೆ ಹಳೇ ಇಟ್ಟಿಗೆ ಬಣ್ಣ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಸಂತೆ ಮುಗಿಯಲಿ ಅಂತ ಕಾಯಬೇಡಿ.

ವೈನಿಯ ಚಷ್ಮಾಕ್ಕೆ ಈಗ ಎರಡು ಚಿತ್ರ ಒಂದಾಗಿ ಕಾಣಿಸುವ ಪ್ರಿಸಂ ಗಾಜು ಹಾಕಿದ್ದಾರೆ, ಚಹಾ ಕಪ್ಪಿಗೇ ಬೀಳುತ್ತಿದೆ. ಖಾರದ ಪುಡಿ ಮಾಡಿಸುವ ಹೊತ್ತಿಗೆ ಮಾತ್ರ ಅಂಗಡಿಯಲ್ಲಿ ಮೆಣಸಿನಕಾಯಿ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ಅಂಗಡಿಯವನು ತನಗೇ ಕಣ್ಣು ಹೊಡೆದರು ಅಂದುಕೊಂಡು ತಬ್ಬಿಬ್ಬಾಗುತ್ತಾನೆ.