ಜಿಂಕೆ ರಾಗಿ ತಿಂತಾ, ನಾನು ತಿಂದೆನಾ?

ನಮಸ್ಕಾರ ಎಲ್ಲರಿಗೂ. ಈ ಚಿಮಟದ ತುದಿಯಲ್ಲಿ ಕಡಲೆಕಾಳಿನಷ್ಟು ದಪ್ಪ, ಕಪ್ಪಗೆ ಕಾಣುತ್ತಿದೆಯಲ್ಲ, ಅದು ಕೃಷ್ಣಮೃಗದ ಹಿಕ್ಕೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನದು. 798 ಎಕರೆ ಜಾಗ. 2007ರಲ್ಲಿ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಗಂಡು ಕೃಷ್ಣಮೃಗ ತನ್ನ ಜಾಗ ಗುರುತು ಮಾಡಲು ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ, ಹಾಗಾಗಿ ಹಿಕ್ಕೆ ಸಿಗುವುದು ಕಷ್ಟವಲ್ಲ, ಆ ಗುಡ್ಡೆಯಲ್ಲಿ ಇವತ್ತಿನದು ಯಾವುದು ಅಂತ ಆರಿಸುವುದೇ ಕಷ್ಟ. ಬಿಸಿಲಿಗೆ ಬಿದ್ದಷ್ಟೂ ಡಿಎನ್‌ಎ ಹಾಳಾಗುತ್ತದೆ. ಆರಿಸಿದ್ದನ್ನು ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿ ಒಣಗಿಸಿ ತರುತ್ತೇವೆ.

ನಾನು ಲ್ಯಾಬ್ ಟೆಕ್ನಿಷಿಯನ್. ಈ ಹಿಕ್ಕೆ ಹಾಕಿದ ಪ್ರಾಣಿ ಏನೇನು ಮೇಯ್ದಿದೆ ಅಂತ ಡಿಎನ್‌ಎ ಇಂದ ಕಂಡುಹಿಡಿಯುವ ಕೆಲಸ. ಅಗಿದು, ನುರಿದು, ಜೀರ್ಣವಾಗಿ ಬಂದ ಹುಲ್ಲನ್ನು ಕಣ್ಣಲ್ಲಿ ನೋಡಿ ಗುರುತಿಸುವುದು ತುಂಬಾ ಕಷ್ಟ. ಆದರೆ ಹುಲ್ಲಿನ ಕ್ಲೋರೋಪ್ಲಾಸ್ಟ್‌ನ, ಅಂದರೆ ಎಲೆಗೆ ಹಸಿರು ಕೊಡುವ ಕಣಗಳ, ಡಿಎನ್‌ಎ ಚೂರುಗಳು ಅದರಲ್ಲೇ ಉಳಿದಿರುತ್ತವೆ.

ನಮ್ಮ ದೊಡ್ಡಪ್ಪ ರಾಗಿ ಬೆಳೆಯುತ್ತಾರೆ. ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ. "ಜಿಂಕೆ ನಮ್ಮ ರಾಗಿ ತಿಂತವೆ ಅಂತ ನಿನ್ನ ಮಷೀನು ಹೇಳ್ತದೇನವ್ವ?" ಸುಲಭದ ಪ್ರಶ್ನೆ ಅಲ್ಲ ಅದು.

ಮೊದಲು ಹಿಕ್ಕೆಯನ್ನು ಸಣ್ಣ ಮಣಿಗಳ ಜೊತೆ ಟ್ಯೂಬಿಗೆ ಹಾಕಿ ಜೋರಾಗಿ ಕುಲುಕಿಸಿ ಪುಡಿ ಮಾಡುತ್ತೇನೆ. ಆಮೇಲೆ ಬಫರ್ ದ್ರಾವಣ, ಪ್ರೋಟೀನ್ ಕರಗಿಸುವ ಪ್ರೋಟಿನೇಸ್ ಕೆ ಅನ್ನುವ ಎಂಜೈಮ್, 56 ಡಿಗ್ರಿ. ಸ್ಪಿನ್ ಮಾಡಿದರೆ ಮೇಲೆ ನಿಲ್ಲುವ ನೀರು ಡಿಕಾಕ್ಷನ್ ಬಣ್ಣ. ಆ ಬಣ್ಣದ ಜೊತೆ ಬರುವ ಪದಾರ್ಥಗಳೇ ತೊಂದರೆ, ಪಿಸಿಆರ್, ಅಂದರೆ ಡಿಎನ್‌ಎಯ ನಕಲು ತೆಗೆಯುವ ಕೆಲಸ, ಮಾಡುವ ಎಂಜೈಮನ್ನು ತಡೆಯುತ್ತವೆ. ಡಿಎನ್‌ಎ ಹಿಡಿದಿಟ್ಟುಕೊಳ್ಳುವ ಸೋಸುಕದಲ್ಲಿ (ಕಾಲಮ್) ಎಷ್ಟು ತೊಳೆದರೂ ಒಂದಿಷ್ಟು ಉಳಿದುಬಿಡುತ್ತದೆ. ಆಗ ಸ್ಯಾಂಪಲನ್ನು ಹತ್ತು ಪಟ್ಟು ತೆಳು ಮಾಡುತ್ತೇವೆ. ಡಿಎನ್‌ಎ ಕಡಿಮೆಯಾಗುತ್ತದೆ, ನಿಜ, ಆದರೆ ಅಡ್ಡಿಯೂ ಕಡಿಮೆಯಾಗಿ, ಗಟ್ಟಿ ಸ್ಯಾಂಪಲ್‌ನಲ್ಲಿ ಬಾರದ ಬ್ಯಾಂಡ್, ಅಂದರೆ ಡಿಎನ್‌ಎ ಇದೆ ಅಂತ ಜೆಲ್ ಹಾಳೆಯಲ್ಲಿ ಕಾಣುವ ಗೆರೆ, ತೆಳುವಿನಲ್ಲಿ ಬರುತ್ತದೆ. ಮೊದಲ ಸಲ ನೋಡಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ.

ಪಿಸಿಆರ್ ಒಂದೊಂದು ಸುತ್ತಿಗೂ ಡಿಎನ್‌ಎಯನ್ನು ಎರಡರಷ್ಟು ಮಾಡುತ್ತದೆ. ಲೆಕ್ಕದ ಪ್ರಕಾರ 35 ಸುತ್ತಿಗೆ ಒಂದು ಚೂರು 3,400 ಕೋಟಿ ದಾಟಬೇಕು. ಹಿಕ್ಕೆಯ ಚೂರಾದರೂ ಸರಿ, ನನ್ನ ತೋಳಿಗೆ ಅಂಟಿದ ಹಿಟ್ಟಿನ ಚೂರಾದರೂ ಸರಿ, ಮಷೀನಿಗೆ ಎರಡೂ ಒಂದೇ. ಅದಕ್ಕೇ ಪ್ರತಿ ಸಲ ಒಂದು ಟ್ಯೂಬಿಗೆ ಸ್ಯಾಂಪಲ್ ಹಾಕದೆ ಬರೀ ನೀರು ಹಾಕುತ್ತೇವೆ. ಅದು ಬ್ಲ್ಯಾಂಕ್. ಜೆಲ್‌ನಲ್ಲಿ ಅದರ ಸಾಲು ಕಪ್ಪಗೇ ಇರಬೇಕು.

ಸೋಮವಾರ ಕಪ್ಪಗಿರಲಿಲ್ಲ.

ಇಲ್ಲಿ ನೋಡಿ, ಕೊನೆಯ ಸಾಲು. ಮಾಸಲು ಗೆರೆ, ಕಂಡೂ ಕಾಣದ ಹಾಗೆ. ಕಾಣಲೇ ಇಲ್ಲ ಅಂದುಕೊಂಡು ಮುಂದೆ ಹೋಗಬಹುದಿತ್ತು, ಆದರೆ ಹಾಗೆ ಹೋದರೆ ಪಕ್ಕದ 22 ಸ್ಯಾಂಪಲ್‌ಗಳಲ್ಲಿ ಬಂದಿರುವ ಹುಲ್ಲು ಕೃಷ್ಣಮೃಗ ತಿಂದದ್ದೋ ನನ್ನ ಬೆಂಚಿನದ್ದೋ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಆ ಪಿಸಿಆರ್ ಪೂರ್ತಿ ಎಸೆದೆ. ನಕಲು ಎಲ್ಲಿಂದ ಶುರುವಾಗಬೇಕು ಅಂತ ತೋರಿಸುವ ಪ್ರೈಮರ್ ಬದಲಿಸಿದೆ, ಗೆರೆ ಹೋಗಲಿಲ್ಲ. ಎಂಜೈಮ್ ಇರುವ ಮಿಶ್ರಣ, ಮಾಸ್ಟರ್ ಮಿಕ್ಸ್, ಬದಲಿಸಿದೆ, ಹೋಗಲಿಲ್ಲ. ಕೊನೆಗೆ ನೀರು ಬದಲಿಸಿದೆ, ಹೋಯಿತು. ಪದೇ ಪದೇ ತೆರೆದು ಮುಚ್ಚುತ್ತಿದ್ದ ಒಂದು ನೀರಿನ ಟ್ಯೂಬ್. ಈಗ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿಟ್ಟಿದ್ದೇನೆ, ಒಂದು ಸಲ ತೆರೆದದ್ದನ್ನು ಮತ್ತೆ ಬಳಸುವುದಿಲ್ಲ.

ರಾಗಿಯೂ ಹುಲ್ಲಿನ ಜಾತಿಯದ್ದೇ ಅಲ್ವಾ. ಬೆಳಿಗ್ಗೆ ರೊಟ್ಟಿ ತಟ್ಟಿ ಅದೇ ಬಟ್ಟೆಯಲ್ಲಿ ಬಂದರೆ ದೊಡ್ಡಪ್ಪನ ಪ್ರಶ್ನೆಗೆ ನಾನು ಕೊಡುವ ಉತ್ತರ ಸುಳ್ಳಾಗಬಹುದು. ಹಾಗಾಗಿ ಹಿಕ್ಕೆಯಿಂದ ಡಿಎನ್‌ಎ ತೆಗೆಯುವ ದಿನ ಮನೆಯಲ್ಲಿ ರಾಗಿ ಹಿಟ್ಟಿನ ಡಬ್ಬ ಮುಟ್ಟುವುದಿಲ್ಲ. ಇದು ನನಗೆ ನಾನೇ ಹಾಕಿಕೊಂಡ ನಿಯಮ.

ಇನ್ನೊಂದು ತೊಡಕು. ಹೊಲದ ಬದುವಿನಲ್ಲಿ ರಾಗಿ ತೆನೆಯ ಹಾಗೇ ಬೆರಳು ಬಿಡಿಸಿಕೊಂಡು ನಿಲ್ಲುವ ಒಂದು ಹುಲ್ಲಿದೆ, ನೋಡಿರುತ್ತೀರಿ. ಎಲ್ಯುಸಿನ್ ಇಂಡಿಕಾ. ರಾಗಿಗೆ ತೀರಾ ಹತ್ತಿರದ ನೆಂಟ. ನಾವು ಓದುವ ಕ್ಲೋರೋಪ್ಲಾಸ್ಟ್‌ನ ಆ ಚಿಕ್ಕ ತುಂಡಿನಿಂದ ಇವೆರಡನ್ನು ಬೇರೆ ಮಾಡುವ ಭರವಸೆ ಇಲ್ಲ. ಹುಲ್ಲುಗಳಲ್ಲಿ ಅದು ಎಷ್ಟೋ ಸಲ ಕುಲದ ಹೆಸರಿಗೇ, ಇಲ್ಲಿ ಎಲ್ಯುಸಿನ್ ಅನ್ನುವುದಕ್ಕೇ, ನಿಂತುಬಿಡುತ್ತದೆ, ಯಾವ ಜಾತಿ ಅಂತ ಹೇಳುವುದಿಲ್ಲ. ಅದಕ್ಕೆ ಡಿಎನ್‌ಎಯಲ್ಲಿ ಐಟಿಎಸ್ ಅನ್ನುವ ಇನ್ನೊಂದು ಭಾಗವನ್ನೂ ಓದಿಸಬೇಕು, ಹೋಲಿಸಿ ನೋಡಲು ಎರಡರ ಎಲೆಯೂ ನಮ್ಮ ಹತ್ತಿರ ಇರಬೇಕು.

ಮೈದನಹಳ್ಳಿಯಂಥ ಹುಲ್ಲುಗಾವಲುಗಳನ್ನು ನೋಡಿ ಖಾಲಿ ಬಿದ್ದಿದೆ, ಗಿಡ ನೆಡಿ ಅನ್ನುವವರು ಜಾಸ್ತಿ. ದಯವಿಟ್ಟು ಹಾಗೆ ಅನ್ನಬೇಡಿ. ಮರದ ನೆರಳು ಬಿದ್ದರೆ ಬಿಸಿಲಿಗೆ ಬೆಳೆಯುವ ಹುಲ್ಲು ಹೋಗುತ್ತದೆ, ಬಯಲಲ್ಲಿ ಓಡುವ ಕೃಷ್ಣಮೃಗವೂ ಹೋಗುತ್ತದೆ.

ಇದು ಬುಧವಾರದ ಜೆಲ್. 22 ಸಾಲುಗಳಲ್ಲಿ 19ಕ್ಕೆ ಬ್ಯಾಂಡ್ ಬಂದಿದೆ. ಕೊನೆಯ ಸಾಲು ಪೂರ್ತಿ ಕಪ್ಪು. ಮೂರನ್ನು ಮತ್ತೆ ತೆಳು ಮಾಡಿ ಹಾಕುತ್ತೇನೆ. ಶನಿವಾರ ಊರಿಗೆ ಹೋಗುತ್ತಿದ್ದೇನೆ. ದೊಡ್ಡಪ್ಪನಿಗೆ ಫೋನ್ ಮಾಡಿ ಬದು ಕಳೆ ಕೀಳಿಸಬೇಡಿ ಅಂತ ಹೇಳಿದ್ದೇನೆ, ಆ ಹುಲ್ಲಿನ ನಾಲ್ಕು ಎಲೆ ನನಗೆ ಬೇಕು.